ಹಾಜರಿ ಪುಸ್ತಕ, ಅಡ್ಕಸ್ಥಳ

ಇಬ್ರಾಯಿಂ ಹಾಜಿಯವರ ಜಾಗ ಒಂದೇ, ತೀರ್ವೆ ಎರಡು.
ಅರ್ಧ ಮಂಜೇಶ್ವರಕ್ಕೆ, ಅರ್ಧ ಬಂಟ್ವಾಳಕ್ಕೆ.
ನಡುವೆ ಮೊಣಕಾಲೆತ್ತರದ ಒಂದು ಗಡಿಕಲ್ಲು.
ಅದರ ಮೇಲೆ ಕಾಗೆ ಕೂತರೆ
ಕೊಕ್ಕು ಒಂದು ರಾಜ್ಯದಲ್ಲಿ, ಬಾಲ ಇನ್ನೊಂದರಲ್ಲಿ.

ಸುತ್ತ ಮುರಕಲ್ಲಿನ ಪಾಗಾರ ಏಳಬೇಕಿತ್ತು.
ಕಂಟ್ರಾಕ್ಟುದಾರ ಸಂಜೀವಣ್ಣ ನನ್ನ ಪುಸ್ತಕದಲ್ಲಿ
ಕೆಂಪು ಶಾಯಿಯ ಒಂದು ಗೆರೆ ಎಳೆದ:
"ಈಚೆ ಕೆಲಸ ಮಾಡಿದ ದಿನಕ್ಕೆ ಈಚಿನ ಸಂಬಳ,
ಆಚೆಯ ದಿನಕ್ಕೆ ಆಚಿನದ್ದು.
ನೀನು ಬರೆದರೆ ಸಾಕು ಮಾರಾಯ, ಯೋಚನೆ ಮಾಡಬೇಡ."

ಮೇಸ್ತ್ರಿಗೆ ಈಚೆ ಸಾವಿರದ ನೂರು, ಆಚೆ ಎಂಟುನೂರು.
ಕಲ್ಲು ಹೊರುವ ಹೆಂಗಸಿಗೆ ಈಚೆ ಏಳುನೂರು,
ಆಚೆ ನಾನೂರೈವತ್ತು.
ಕಲ್ಲು ಮಾತ್ರ ಬಾಯಾರಿನ ಒಂದೇ ಕೋರೆಯದು.

ಐತಪ್ಪ ಮೇಸ್ತ್ರಿ ಚಿಕ್ಕಂದಿನಲ್ಲಿ
ಅಪ್ಪನ ಹೆಗಲ ಮೇಲೆ ಕೂತು ಪೆರ್ಲದ ಪೇಟೆಯಲ್ಲಿ
ನಮ್ಮನ್ನು ಆಚೆಗೆ ಸೇರಿಸಿ ಎಂದು ಕೂಗಿದವನು.
ಈಗ ಆಚೆ ಬದಿಯ ಕೆಲಸ ಅಂದರೆ ಅವನಿಗೆ ಸೊಂಟನೋವು.
ಒಂದು ಕಣ್ಣು ಮುಚ್ಚಿ ರಸಮಟ್ಟ ನೋಡುತ್ತಾನೆ,
ಗುಳ್ಳೆ ನಡುವೆಯೇ ನಿಂತಿರುತ್ತದೆ.
"ಮಟ್ಟ ಸರಿಯುಂಟು" ಅನ್ನುತ್ತಾನೆ,
ಯಾರನ್ನೂ ನೋಡದೆ.

ನಾನು ನಗಲಿಲ್ಲ. ಎರಡೂ ಸರಕಾರಗಳ ಪಟ್ಟಿಯನ್ನು
ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿ ಇಟ್ಟುಕೊಂಡಿದ್ದೆ.
ನನಗೆ ನೀರು ಕುಡಿದಂತೆ ಓದಲು ಬರುವ ಅಕ್ಷರದಲ್ಲಿ ಹಣ ಕಡಿಮೆ,
ತಡವರಿಸಿ ಓದುವ ಅಕ್ಷರದಲ್ಲಿ ಹೆಚ್ಚು.
ನನ್ನ ಅಕ್ಷರದಲ್ಲಿ ಮತ್ತೆ ವಲಯಗಳು ಬೇರೆ:
ದೊಡ್ಡ ಪಟ್ಟಣದ ಹಸಿವಿಗೊಂದು,
ಜಿಲ್ಲಾ ಕೇಂದ್ರದ ಹಸಿವಿಗೊಂದು,
ಉಳಿದ ಹಸಿವೆಲ್ಲ ಕೊನೆಯ ಸಾಲಿಗೆ.

ಹುಲಿಗೆಮ್ಮ ಕುಷ್ಟಗಿ ಕಡೆಯವಳು.
ಕಲ್ಲಿನ ರಾಶಿ ಈಚೆ, ಗೋಡೆ ಏಳುತ್ತಿದ್ದದ್ದು ಆಚೆ.
ತಲೆಗೆ ಸಿಂಬಿ, ಸಿಂಬಿಗೆ ಕಲ್ಲು,
ಹನ್ನೆರಡು ಹೆಜ್ಜೆ ಕೇರಳ, ಎಂಟು ಹೆಜ್ಜೆ ಕರ್ನಾಟಕ.
"ರೈಟರಪ್ಪಾ, ಎತ್ತಿದ್ದ ಯಾ ಕಡೆ ಬರೀತಿ,
ಇಳಿಸಿದ್ದ ಯಾ ಕಡೆ?
ಹೊಳ್ಳಿ ಬರೂವಾಗ ಬರೇ ತಲೀಲೆ ಬರ್ತೀನಲ್ಲ,
ಅದು ಯಾರ ಪಾಲಿಗೆ?"

ನಾನು ಪೆನ್ನಿನ ಮುಚ್ಚಳ ಕಚ್ಚಿದೆ.
ಸಂಜೀವಣ್ಣ ಬೈಕಿನಿಂದ ಇಳಿಯದೆ ಹೇಳಿದ:
"ಇಳಿಸಿದ ಜಾಗದ ಲೆಕ್ಕ."

ಬುಧವಾರ ಬೆಳಿಗ್ಗೆಯಿಂದ ಅವಳು
ಗಡಿಕಲ್ಲಿನವರೆಗೆ ಬಂದು ಕಲ್ಲು ಇಳಿಸತೊಡಗಿದಳು.
ಈಚೆಯೇ. ಒಂದು ಗೇಣು ಈಚೆ.
ಹನ್ನೊಂದು ಗಂಟೆಗೆ ಅಲ್ಲೊಂದು ಬೇರೆಯೇ ಗೋಡೆ.
"ನಾ ಇಳಿಸೇನಿ. ಇನ್ನ ಅದು ತಾನ ನಡಕೊಂತ ಹೋಗಲಿ."
ಐತಪ್ಪ ಮೇಸ್ತ್ರಿ ಕರಣೆ ಕೆಳಗಿಟ್ಟು
ಬೆನ್ನು ತಿರುಗಿಸಿ ನಿಂತ. ಅವನ ಹೆಗಲು ಕುಣಿಯುತ್ತಿತ್ತು.

ರಾತ್ರಿ ಪಿಕಪ್ ಬಂದು ರಾಶಿಗೆ ರಾಶಿಯೇ ಆಚೆ ಹೋಯಿತು.
ಗುರುವಾರ ಎತ್ತಿದ್ದೂ ಅಲ್ಲೇ, ಇಳಿಸಿದ್ದೂ ಅಲ್ಲೇ.
ಅವಳು ಏನೂ ಹೇಳಲಿಲ್ಲ.
ಮಧ್ಯಾಹ್ನ ಮಾತ್ರ ಬುತ್ತಿಗಂಟು ಹಿಡಿದು
ಗಡಿಕಲ್ಲು ದಾಟಿ ಈಚೆ ಬಂದು
ಗೇರುಮರದ ಬುಡದಲ್ಲಿ ಕಾಲು ಚಾಚಿ ಕೂತಳು.
"ಉಣ್ಣೂದಾದ್ರೂ ತುಟ್ಟಿ ಸೀಮ್ಯಾಗ ಉಣ್ತೀನಿ."
ಒಣರೊಟ್ಟಿ ಮುರಿದ ಸದ್ದು,
ಗುರೆಳ್ಳು ಪುಡಿಯ ವಾಸನೆ.
ನನಗೂ ಒಂದು ಚೂರು ಕೊಟ್ಟಳು.

ಅವಳ ಬುಧವಾರವನ್ನು ನಾನು ಯಾವ ಬದಿಗೂ ಬರೆದಿರಲಿಲ್ಲ.
ಕೆಂಪು ಗೆರೆಯ ಮೇಲೆಯೇ ಅವಳ ಹೆಸರು,
'ಹುಲಿ' ಈಚೆ, 'ಗೆಮ್ಮ' ಆಚೆ.
ಶನಿವಾರ ಸಂಜೆ ಸಂಜೀವಣ್ಣ ಪುಟ ತಿರುಗಿಸಿ
"ಇದು ಯಾವ ಬದಿ?" ಎಂದು ಕೇಳಿದ.
ಅವಳು ಆಗಲೇ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿ
ಪುಸ್ತಕಕ್ಕೆ ಊರಿಯಾಗಿತ್ತು.
ಹೆಬ್ಬೆಟ್ಟು ಅಗಲ. ಗೆರೆ ಅದರಡಿ ಕಾಣಲಿಲ್ಲ.

ಕೊಟ್ಟದ್ದು ಆಚೆಯ ಲೆಕ್ಕದಲ್ಲೇ.
ಎಣಿಸಿ, ಸೆರಗಿಗೆ ಗಂಟು ಹಾಕಿ,
ನನ್ನ ಮುಖ ಒಂದು ಸಲ ನೋಡಿ ಹೋದಳು.
ನಾನೂರೈವತ್ತು ಎಂದು ಬರೆದ ಕೈ
ಸಂಜೀವಣ್ಣನದ್ದಲ್ಲ.